ಕೂಗಳತೆಯ ವಾರ್ಡು

ಐದು ವರ್ಷಕ್ಕೊಮ್ಮೆ ನಮ್ಮ ತಾಲೂಕಿನಲ್ಲಿ ವಾರ್ಡುಗಳ ಗಡಿಯನ್ನು ಕೂಗಿ ಅಳೆಯುತ್ತಾರೆ. ಶಾಲೆಯ ಗಂಟೆ ಹೊಡೆದ ಕೂಡಲೇ ವಾರ್ಡಿನ ಸದಸ್ಯೆ ಕಟ್ಟೆಯ ಮೇಲೆ ನಿಂತು ಪದ್ಯದ ಮೊದಲರ್ಧ ಹಾಡಬೇಕು. ಕೇಳಿಸಿದ ಮನೆಯವರು ಉಳಿದರ್ಧ ಹಾಡಬೇಕು. ಹಾಡದ ಮನೆ ಗಡಿಯ ಹೊರಗೆ; ಅದಕ್ಕೆ ವೋಟೂ ಇಲ್ಲ, ನಳವೂ ಇಲ್ಲ.

ಮೂರನೇ ವಾರ್ಡಿನ ಸದಸ್ಯೆ ಫಕೀರವ್ವನಿಗೆ ಈ ಸಲ ಗಂಟಲು ಕಟ್ಟಿತ್ತು. ಕೊನೆಯ ಮನೆ ಅವಳ ಅಕ್ಕ ನೀಲವ್ವನದು.

ಸರ್ವೇಯರ್ ಹನುಮಗೌಡರು ಸುಣ್ಣದ ಬುಟ್ಟಿ ಹಿಡಿದು ನೀಲವ್ವನ ಅಂಗಳದಲ್ಲಿ ನಿಂತರು. ಗಂಟೆ ಕೇಳಿಸಿತು. ಆಮೇಲೆ ಕೋಳಿ ಕೆದರುವ ಸದ್ದು ಬಿಟ್ಟರೆ ಏನೂ ಇಲ್ಲ. ರೊಟ್ಟಿ ಬಡಿಯುತ್ತಿದ್ದ ನೀಲವ್ವ ಕೈ ನಿಲ್ಲಿಸಿ, ಕಣ್ಣು ಮುಚ್ಚಿ ಸ್ವಲ್ಪ ಕಾದಳು. ನಂತರ ಉಳಿದರ್ಧವನ್ನು ಒಂದಕ್ಷರ ತಪ್ಪದೆ ಹಾಡಿದಳು.

"ಯವ್ವಾ, ನನಗಂತೂ ಏನೂ ಕೇಳ್ಲಿಲ್ಲ. ನಿನಗ ಹ್ಯಾಂಗ ಕೇಳ್ತು?"

"ನನಗೂ ಕೇಳ್ಲಿಲ್ರಿ ಗೌಡ್ರ. ಆಕಿ ಎಲ್ಲಿ ಉಸಿರು ತಗೋತಾಳಂತ ನನಗ ಗೊತ್ತೈತಿ. ತೊಡಿಮ್ಯಾಲೆ ಕುಂದ್ರಿಸಿಕೊಂಡು ಕಲಿಸಿದಾಕಿ ನಾನ."

ಸರ್ಕಾರದ ನಮೂನೆಯಲ್ಲಿ 'ಉತ್ತರ ಬಂತೇ?' ಎಂದಷ್ಟೇ ಇತ್ತು. ಹನುಮಗೌಡರು 'ಬಂತು' ಎಂದು ಬರೆದು, ಅವಳ ಹಿತ್ತಲಿನ ಆಚೆ ಹೋಗಿ ಸುಣ್ಣದ ಗೆರೆ ಎಳೆದರು.