ಜಹೀರ್ ಅಹಮದನಿಗೆ ಒಪ್ಪುವ ಕಾರು

ಕಡೆಗೂ ಬೆಂಗಳೂರಿನ ಏಜೆಂಟು ಬಂದೇಬಿಟ್ಟ. ಶಿರಾ ತಾಲ್ಲೂಕು ಕಚೇರಿಯ ಹುಣಸೆಮರದಡಿ ಅರ್ಜಿ ಟೈಪು ಮಾಡುತ್ತಿದ್ದ ಅಹಮದ್ ಷರೀಫರ ಬೆರಳು ಅಕ್ಷರದ ಮೇಲೇ ನಿಂತಿತು. ಹನ್ನೊಂದು ವರ್ಷದಿಂದ ಅವರು ಹೆದರಿದ್ದು ಇದಕ್ಕೇ.

“ಜಹೀರ್ ಅಹಮದ್ ಅನ್ನೋರು?”

“ನನ್ನ ಮಗ. ಇಲ್ಲಿಗೆ ಬರಲ್ಲ.”

ಏಜೆಂಟ್ ಮರುಳಸಿದ್ದಯ್ಯ ಬೆಂಚಿನ ಮೇಲೆ ಕೂತು ಕಡತ ಬಿಚ್ಚಿದ. ವಿಲಾಯತಿಯ ಸ್ಪೋರ್ಟ್ಸ್ ಕಾರು ಕಂಪನಿಯವರು ವಯಸ್ಸು, ಎತ್ತರ, ಉದ್ಯೋಗ, ಸಂಸಾರ ಕೇಳಿ ವರ್ಷಕ್ಕೊಂದು ಕಾರ್ಡು ಕಳಿಸುತ್ತಿದ್ದರು. ತುಂಬಿ ಕಳಿಸಿದವನಿಗೆ ಅವನ ಅಳತೆಯ ಆಸೆ ಬಣ್ಣದ ಜಾಹೀರಾತು ಪುಸ್ತಕವಾಗಿ ಅಚ್ಚಾಗಿ ಬರುತ್ತಿತ್ತು. ಐವತ್ತನೇ ಇಸವಿಯಲ್ಲಿ, ಇಪ್ಪತ್ತೆರಡರ ಬ್ರಹ್ಮಚಾರಿ ಜಹೀರನಿಗೆ ಬಂದ ಪುಸ್ತಕದಲ್ಲಿ ಎರಡೇ ಸೀಟು, ಗಾಳಿ, ಪಕ್ಕದಲ್ಲೊಬ್ಬ ಹುಡುಗಿ. ಡಾಕ್ಟರಾದ ಮೇಲೆ ಬಂದದ್ದರಲ್ಲಿ ವೇಗದ ಮಾತೇ ಇಲ್ಲ. ಚಳಿಯಲ್ಲೂ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆಂಬ ಭರವಸೆ. ನಿಕಾಹ್ ಆಯಿತು, ಹುಡುಗಿ ಇಳಿದಳು, ಟ್ರಂಕು ಹತ್ತಿತು. ಮಗು ಹುಟ್ಟಿತು, ಹಿಂದೊಂದು ಪುಟ್ಟ ಸೀಟು ಕಾಣಿಸಿಕೊಂಡಿತು.

“ಕಾರು ಅದೇ ಸಾಬರೇ, ಪುಸ್ತಕ ಬೇರೆ,” ಎಂದು ಏಜೆಂಟು ಗುಟ್ಟು ಬಿಟ್ಟುಕೊಟ್ಟ. ಗಿರಾಕಿಯನ್ನು ಕಣ್ಣಾರೆ ಕಂಡು ವರದಿ ಬರೆಯಬೇಕು, ಇಲ್ಲವಾದರೆ ಹೆಸರು ಪಟ್ಟಿಯಿಂದ ತೆಗೆಯುತ್ತಾರೆ ಎಂದೂ ಹೇಳಿದ.

ಪಾವಗಡದಿಂದ ಈಚೆಗಷ್ಟೇ ವರ್ಗವಾಗಿ ಬಂದಿದ್ದ ಪೋಸ್ಟ್‌ಮನ್ ನಾಗಲಿಂಗಯ್ಯ ಮಾತಿಗೆ ನಿಂತ. “ಮಗನ್ಗೆ ಕಾಗ್ದ ಬತ್ತವೆ. ಮಗನ್ ಕಾಗ್ದ ಒಂದೂ ಬರಾಕಿಲ್ಲ. ಅದೆಂಗ್ ತಡ್ಕಂಡಿದೀರೋ ಸಾಬ್ರೇ.”

ಒಬ್ಬರಿಗಷ್ಟೇ ಅನ್ನ ಬೇಯಿಸಿಕೊಳ್ಳುವ ಷರೀಫರ ಮನೆಗೆ ಬರುತ್ತಿದ್ದ ಟಪಾಲು ಮಗನ ಹೆಸರಿನ ಆ ಪುಸ್ತಕವೊಂದೇ. ಮಗ ಮದ್ರಾಸಿಗೆ ಹೋಗಿದ್ದಾನೆ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಮಗನನ್ನು ನೋಡಬೇಕೆಂದು ಇಷ್ಟು ವರ್ಷಕ್ಕೆ ಒಬ್ಬರು ಬಂದಿದ್ದರು. ಷರೀಫ್ ಟೈಪ್‌ರೈಟರಿಗೆ ಮುಚ್ಚಳ ಹಾಕಿದರು.

“ಹಠದ ಸ್ವಭಾವವೋ?” ಏಜೆಂಟು ಕೇಳಿದ.

“ಒಂದೇ ಸಲ ಮೋಟಾರು ಬೇಕು ಅಂದ. ನಾಳೆ ಅಂದೆ.”

“ಸೀಟು ಬಹಳ ತಗ್ಗು, ಕಾಲು ಹಿಡಿಸಬೇಕಲ್ಲ. ಎಲ್ಲ ಟೈಪು ಮಾಡಿದ ಕಾರ್ಡಿನಲ್ಲಿ ಎತ್ತರ ಮಾತ್ರ ಪ್ರತಿ ವರ್ಷವೂ ಖಾಲಿ ಬಿಟ್ಟಿದ್ದಾರೆ.”

“ತೋರಿಸ್ತೀನಿ, ಬನ್ನಿ.”

ಕೋಟೆಯ ಬದಿಯಿಂದ ಬೇವಿನ ಸಾಲು ಹಿಡಿದು ನಡೆದರು. ಏಜೆಂಟು ದಾರಿಯುದ್ದಕ್ಕೂ ಬಣ್ಣಗಳ ಹೆಸರು ಹೇಳಿದ. ಷರೀಫ್ ಒಂದೊಂದನ್ನೂ ಗಮನವಿಟ್ಟು ಕೇಳಿ, ಕೆಂಪು ಇರಲಿ ಎಂದರು. ತಗ್ಗು ಗೋಡೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟರು. ಏಜೆಂಟು ಜೇಬಿನಿಂದ ಅಳತೆಯ ಟೇಪು ತೆಗೆದ.

ಕಲ್ಲಿನ ಮೇಲೆ ಜಹೀರನ ಹೆಸರು ಮಾಸಿ, ತೀರಿಕೊಂಡ ಇಸವಿ ಮಾತ್ರ ಉಳಿದಿತ್ತು, ೧೯೩೧; ಗೋರಿಯ ಉದ್ದ ಮೂರಡಿ.