ಜಾಮೀನು ಕೊಟ್ಟಾಕೆ

ಜಾಮೀನು ಕೊಟ್ಟವರ ಹೆಸರನ್ನು ಶಟ್ಟೆಪ್ಪ ಜೈಲರ ಬಾಯಿಂದ ಮತ್ತೊಮ್ಮೆ ಹೇಳಿಸಿಕೊಂಡ. ಸುಂದರವ್ವ. ಅವನೇ ಕೊಂದನೆಂದು ಪೊಲೀಸರು ಹೇಳುವ ಮಧುವಿನ ತಾಯಿ.

ಮುನವಳ್ಳಿಯ ಅವರ ಹೊಲಕ್ಕೆ ಪಂಪ್‌ಸೆಟ್ ರಿಪೇರಿಗೆ ಹೋಗಿದ್ದ ಶಟ್ಟೆಪ್ಪ, ಬಾವಿಯ ಬದಿಗೆ ಬಿದ್ದಿದ್ದ ಮಧುವನ್ನು ಎತ್ತಿಕೊಂಡಿದ್ದ. ಅಂಗಿಗೆ ರಕ್ತ ಹತ್ತಿತು. ಹಿಡಿದೊಯ್ಯಲು ಅಷ್ಟೇ ಸಾಕಾಯಿತು. ವಿಚಾರಣೆ ಮಾತ್ರ ಶುರುವಾಗಲೇ ಇಲ್ಲ. ತಾರೀಖು ಬರುತ್ತಿತ್ತು, ಮುಂದಕ್ಕೆ ಹೋಗುತ್ತಿತ್ತು. ಆಗ ತಾಯಿಯ ಮಡಿಲಲ್ಲಿದ್ದ ಅವನ ಮಗಳು ಪ್ರಜ್ಞಾ ಶಾಲೆಗೆ ಹೋಗುವಷ್ಟು ದೊಡ್ಡವಳಾದಳು. ಕೊನೆಗೊಬ್ಬ ವಕೀಲರು, ಶಟ್ಟೆಪ್ಪ ಕೇಳದೆಯೇ ಬಂದು, ವಿಚಾರಣೆಯಿಲ್ಲದೆ ಒಬ್ಬ ಮನುಷ್ಯನನ್ನು ಎಷ್ಟು ವರ್ಷ ಒಳಗಿಡುವುದೆಂದು ಹೈಕೋರ್ಟಿನಲ್ಲಿ ವಾದಿಸಿದರು. ಆ ವಕೀಲರನ್ನು ಗೊತ್ತುಮಾಡಿದವಳೂ ಸುಂದರವ್ವನೇ.

“ಒಳಗಿದ್ರ ಅವರ ಕೈಗೆ ಸಿಗೂದಿಲ್ಲಲ್ಲ, ಅದಕ್ಕ ಹೊರಗ ತಗ್ಯಾಕ ಹತ್ತ್ಯಾರ,” ಎಂದಿದ್ದ ಜೊತೆಯ ಕೈದಿ ಸತ್ಯಪ್ಪ.

ಜೈಲಿನ ಹೊರಗೆ ಕಾರು ನಿಂತಿತ್ತು. ಸ್ಟೇರಿಂಗ್ ಹಿಡಿದವನು ಮಧುವಿನ ಅಣ್ಣ ಅಂದಾನೆಪ್ಪ. ಶಟ್ಟೆಪ್ಪ ಹಿಂದೆ ಸರಿದ.

“ಹತ್ತು. ನಿನ್ನ ಮಗಳು ನಮ್ಮ ಮನ್ಯಾಗ ಅದಾಳ. ನಮ್ಮವ್ವ ಕರಸ್ಯಾಳ.”

ಹತ್ತದೆ ಗತ್ಯಂತರವಿರಲಿಲ್ಲ. ದಾರಿಯಲ್ಲಿನ ನೇಸರಗಿ ಊರು ದಾಟುವವರೆಗೂ ಅಂದಾನೆಪ್ಪ ತಿರುಗಿ ನೋಡಲಿಲ್ಲ. ಎರಡು ಸಲ ಗೇರ್ ತಪ್ಪಿ ಹಾಕಿದ. ಸಿಟ್ಟು ತಡೆದುಕೊಂಡಿದ್ದಾನೆ ಅಂದುಕೊಂಡ ಶಟ್ಟೆಪ್ಪ.

“ನೀ ಒಳಗ ಇದ್ದಿದ್ರ ಎಲ್ಲಾರಿಗೂ ಛಲೋ ಇತ್ತು,” ಎಂದನೊಮ್ಮೆ ಅಂದಾನೆಪ್ಪ.

ಮನೆಯಲ್ಲಿ ಪ್ರಜ್ಞಾ ಸುಂದರವ್ವನ ಪಕ್ಕ ಕುಳಿತಿದ್ದಳು. ಅಪ್ಪನ ಗುರುತು ಹತ್ತದೆ ಮುದುಕಿಯ ಸೆರಗು ಹಿಡಿದಳು. ಅಂದಾನೆಪ್ಪನೂ ಒಳಗೆ ಬಂದೊಡನೆ ಸುಂದರವ್ವ ಎದ್ದು ಬಾಗಿಲಿಗೆ ಚಿಲಕ ಹಾಕಿದಳು. ಮೊದಲೆಲ್ಲ ರಿಪೇರಿಗೆ ಬಂದಾಗ ಹೊರಗಿನ ಕಟ್ಟೆಯ ಮೇಲೆಯೇ ಚಹಾ ಕುಡಿದಿದ್ದ ಶಟ್ಟೆಪ್ಪನನ್ನು ಅಡುಗೆಮನೆಗೆ ಕರೆದು ಕೂರಿಸಿದಳು. ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿದಳು. ಅವನು ಮುಟ್ಟಲಿಲ್ಲ. ತಟ್ಟೆಗೆ ಕೈಹಾಕಲು ಹೋದ ಮಗಳನ್ನು ಸರಕ್ಕನೆ ಎಳೆದುಕೊಂಡ.

ಸುಂದರವ್ವ ಅದನ್ನು ನೋಡಿದಳು. ಅವನ ತಟ್ಟೆಯಿಂದಲೇ ಒಂದು ಚೂರು ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡಳು.

“ನೀ ಹೊರಗ ಬರೂತನಾ ಕಾಯ್ದೆ,” ಎಂದಳು.

ಹೊರಗೆ ಜೀಪು ಬಂದು ನಿಂತಿತು. ಬೂಟಿನ ಸದ್ದು. ಮತ್ತೆ ಒಳಗೆ ಹಾಕುತ್ತಾರೆ ಎಂದು ಶಟ್ಟೆಪ್ಪ ಮಗಳನ್ನು ಅವುಚಿಕೊಂಡು ಎದ್ದ. ಸುಂದರವ್ವ ಅವನ ಹೆಗಲು ಒತ್ತಿ ಕೂರಿಸಿದಳು.

“ಆವತ್ತು ಬಾವಿ ಕಡೆ ನಾನೂ ಇದ್ದೆ, ಎಲ್ಲಾ ಕಣ್ಣಾರೆ ನೋಡೀನಿ. ವಿಚಾರಣಿ ಆದ್ರ ನೀ ಹೆಂಗೂ ಬಿಡುಗಡಿ ಆಗ್ತಿ ಅಂತ ಬಾಯಿ ಮುಚ್ಚಿಕೊಂಡೆ. ವಿಚಾರಣಿನ ಬರಲಿಲ್ಲ. ಇವತ್ತ ನಾನ ಪೊಲೀಸರಿಗೆ ಹೇಳಿ ಕಳಿಸೀನಿ.”

ಆಕೆ ಹೋಗಿ ಚಿಲಕ ತೆಗೆದಳು.

“ನೀ ಉಣ್ಣು, ಶಟ್ಟೆಪ್ಪ. ಅವರು ಬಂದದ್ದು ಅಂದಾನೆಪ್ಪನ್ನ ಒಯ್ಯಾಕ.”