ನಿಂತುಹೋದ ಚೀಟಿ

ಎಮ್ರಿಸ್ ಮತ್ತೆ ನಿಂತುಬಿಟ್ಟ.

ಅಂಕಿ ಬರೆದ ಚೀಟಿ ಅವನ ಬೆರಳುಗಳ ನಡುವೆಯೇ ಉಳಿಯಿತು. ಅವನ ಹಿಂದಿನವರು ನಿಂತರು, ಅವರ ಹಿಂದಿನವರೂ ನಿಂತರು. ಸ್ವಲ್ಪ ಹೊತ್ತಿನಲ್ಲೇ ಇಡೀ ಸಭಾಂಗಣ ಸ್ತಬ್ಧವಾಯಿತು. ಪಕ್ಕದಲ್ಲಿದ್ದ ಹೆಸ್ಟರ್ ಓರೆಗಣ್ಣಿನಿಂದ ಅವನತ್ತ ನೋಡಿದಳು. ಅವನೂ ಅವಳನ್ನೇ ನೋಡುತ್ತಿದ್ದ. ಮನಸ್ಸಿನಲ್ಲಿ ಕಳ್ಳತನವಿರುವವರು ಹೀಗೇ ನೋಡುವುದು ಎಂದುಕೊಂಡಳು.

ಬ್ರಿಸ್ಟಲ್‌ನ ಅವರ ಕಂಪನಿ ಮಾಡಹೊರಟಿದ್ದು ಒಂಟಿಯಾಗಿ ದುಡಿಯುವ ಚಿಪ್ ಅಲ್ಲ. ಪ್ರತಿ ಚಿಪ್‌ಗೂ ಸುತ್ತ ನಾಲ್ಕು ನೆರೆಯ ಚಿಪ್‌ಗಳು. ದೊಡ್ಡ ಲೆಕ್ಕವೊಂದನ್ನು ತಮ್ಮತಮ್ಮೊಳಗೇ ಹಂಚಿಕೊಂಡು, ಬಂದ ಉತ್ತರವನ್ನು ಪಕ್ಕದವರಿಗೆ ದಾಟಿಸಿ, ಕೂಡಿ ಮುಗಿಸಬೇಕು. ಚಿಪ್ ಇನ್ನೂ ಕಾಗದದ ಮೇಲಿತ್ತು. ಶುಕ್ರವಾರ ಅದರ ನಕ್ಷೆ ಕಾರ್ಖಾನೆಗೆ ಹೋಗಬೇಕು. ಅದಕ್ಕೆ ಮೊದಲು ಮನುಷ್ಯರನ್ನೇ ಚಿಪ್‌ಗಳಂತೆ ನಿಲ್ಲಿಸಿ ಒಮ್ಮೆ ಆಡಿಸಿ ನೋಡೋಣವೆಂದು ಮೇಲಧಿಕಾರಿ ಬಾರ್ನಬಿ ಚರ್ಚಿನ ಈ ಸಭಾಂಗಣವನ್ನು ಕೇಳಿ ಪಡೆದಿದ್ದರು.

ಚಿಪ್‌ನಿಂದ ಚಿಪ್‌ಗೆ ಮಾತು ದಾಟಿಸುವ ಭಾಗ ಹೆಸ್ಟರ್‌ಳದು. ಎರಡು ವರ್ಷ ಅದಕ್ಕೇ ಮುಡಿಪು. ಅವಳು ಬರೆದ ನಿಯಮ ಸರಳವಾಗಿತ್ತು: ತೆಗೆದುಕೊಳ್ಳುವವರು ಸಿದ್ಧರಾಗದ ಹೊರತು ಕೊಡುವವರು ಕೊಡಕೂಡದು. ಆಟದಲ್ಲಿ ಅಂಗೈ ಚಾಚಿದರೆ ಸಿದ್ಧ ಎಂದರ್ಥ. ಅಲ್ಲಿಯವರೆಗೆ ತುಟಿ ಪಿಟಕ್ಕೆನ್ನದೆ ಕಾಯಬೇಕು. ಚಿಪ್‌ಗೆ ಗಂಟಲಿಲ್ಲ ಎಂದು ಬಾರ್ನಬಿ ಎಲ್ಲರನ್ನೂ ಎಚ್ಚರಿಸಿದ್ದರು. ಇವತ್ತು ಒಂದು ಆಟವಾದರೂ ಪೂರ್ತಿಯಾಗದಿದ್ದರೆ ಹೆಸ್ಟರ್‌ಳ ಭಾಗವನ್ನು ಕಿತ್ತುಹಾಕಿ ಹಳೆಯ ಜೋಡಣೆಯನ್ನೇ ಇಡುವುದೆಂದೂ ಹೇಳಿದ್ದರು.

ಶುರುವಿನಲ್ಲಿ ಯಾವ ತೊಡಕೂ ಇರುತ್ತಿರಲಿಲ್ಲ. ಚೀಟಿಗಳು ಹಾರಾಡುತ್ತಿದ್ದವು. ಹೆಸ್ಟರ್ ಎಲ್ಲರಿಗಿಂತ ಚುರುಕು: ತೆಗೆದುಕೊಂಡಳು, ಕೂಡಿದಳು, ಕೊಟ್ಟಳು. ಕೊನೆಯ ಸುತ್ತು ಬಂತೆಂದರೆ ಮಾತ್ರ ಅವಳಿಗೆ ಹೆದರಿಕೆ. ಸಭಾಂಗಣ ಕೊರೆಯುವಷ್ಟು ತಣ್ಣಗಿದ್ದುದರಿಂದ ಎಲ್ಲರೂ ಕೋಟಿನಲ್ಲೇ ಇದ್ದರು. ಅವಳು ಎರಡೂ ಕೈ ಜೇಬಿನೊಳಗಿಟ್ಟು ಬೆರಳ ಮೇಲೆ ಬೆರಳು ಹೆಣೆದು, ಕುದುರೆ ಪಂದ್ಯದ ದಿನ ಅಜ್ಜಿ ಮಾಡುತ್ತಿದ್ದಂತೆ, ಇದೊಂದು ಸಲ ಗೆಲ್ಲಿಸಪ್ಪಾ ಎಂದು ಬೇಡಿಕೊಳ್ಳುತ್ತಿದ್ದಳು. ದಡ ಮುಟ್ಟುವ ಹೊತ್ತಿಗೆ ಎಮ್ರಿಸ್ ಕೆಡಿಸಿಬಿಡುತ್ತಿದ್ದ.

ಚಹಾದ ಹೊತ್ತಿನಲ್ಲಿ ಬಾರ್ನಬಿ ಅವನ ಹೆಗಲ ಮೇಲೆ ಕೈಯಿಟ್ಟರು. ಗಂಡಸು ಹೆಂಗಸೆನ್ನದೆ ಎಲ್ಲರೂ ಅವರಿಗೆ ಚಿನ್ನವೇ.

"ಯಾಕೆ ಚಿನ್ನಾ, ನಿಂತುಬಿಡ್ತೀಯಲ್ಲ?"

"ನಿಂತಿಲ್ಲ ಸರ್. ಕಾಯ್ತಾ ಇದ್ದೆ."

"ಏನಕ್ಕೆ, ಬಸ್ಸಿಗಾ?" ನಕ್ಷೆ ವಿಭಾಗದ ನಾರ್ಮನ್ ಕಾಲೆಳೆದ.

ಎಲ್ಲರೂ ನಕ್ಕರು. ಎಮ್ರಿಸ್ ಕೆಂಪಗಾಗಿ, ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ ಬಾಯಿಗಿಟ್ಟುಕೊಂಡ. ಅವನು ವೇಲ್ಸ್‌ನ ಬೆಟ್ಟದ ಕಡೆಯವನು; ಮಾತು ಕಡಿಮೆ, ಕೆಲಸದಲ್ಲಿ ಹೇಳಿದ್ದನ್ನು ಹೇಳಿದಂತೆಯೇ ಮಾಡುವವನು.

ಹೆಸ್ಟರ್ ಬಾರ್ನಬಿಯವರನ್ನು ಮೂಲೆಗೆ ಕರೆದಳು. ಕಳೆದ ವಾರವೆಲ್ಲ ಎಮ್ರಿಸ್ ಕಚೇರಿಯ ಫೋನಿನಲ್ಲಿ ವೆಲ್ಷ್ ಭಾಷೆಯಲ್ಲಿ ಪಿಸುಗುಟ್ಟುತ್ತಿದ್ದುದನ್ನು, ತಾನು ಹತ್ತಿರ ಹೋದರೆ ದನಿ ಇನ್ನಷ್ಟು ತಗ್ಗಿಸುತ್ತಿದ್ದುದನ್ನು ಹೇಳಿದಳು. ಎದುರಾಳಿ ಕಂಪನಿಯವರು ಅವನನ್ನು ಬುಟ್ಟಿಗೆ ಹಾಕಿಕೊಂಡಿರಬಹುದು ಎಂದಳು. ಬಾರ್ನಬಿ ನಂಬಲಿಲ್ಲ. ನಂಬದೆಯೂ ಇರಲಿಲ್ಲ.

"ಒಂದು ಕೆಲಸ ಮಾಡೋಣ," ಎಂದರು. "ಅವನ ಜಾಗ ಬದಲಾಯಿಸ್ತೀನಿ. ತೊಂದರೆ ಜಾಗದ್ದಾದ್ರೆ ಅಲ್ಲೇ ಉಳಿಯುತ್ತೆ. ಅವನದ್ದಾದ್ರೆ ಅವನ ಹಿಂದೇನೇ ಹೋಗುತ್ತೆ. ನೀನು ಅವನ ಪಕ್ಕ ಬಿಡಬೇಡ, ಕಣ್ಣಿಟ್ಟಿರು."

ಇಬ್ಬರೂ ಕಿಟಕಿಯ ಪಕ್ಕಕ್ಕೆ ಹೋದರು. ಆಟ ಕಿಟಕಿಯ ಪಕ್ಕದಲ್ಲಿ ನಿಂತಿತು. ಪಿಯಾನೋ ಹತ್ತಿರ ಹೋದರು. ಅಲ್ಲೂ ಅದೇ ಕಥೆ. ಹೆಸ್ಟರ್ ಕಣ್ಣು ಮಿಟುಕಿಸದೆ ಕಾದಿದ್ದಳು: ಚೀಟಿ ಹಿಡಿದ ಎಮ್ರಿಸ್, ತನ್ನತ್ತಲೇ ನೆಟ್ಟ ಅವನ ದಿಟ್ಟಿ. ಅವಳಿಗೆ ನಿರಾಳವಾಯಿತು. ತಪ್ಪು ನಕ್ಷೆಯದಲ್ಲ, ಮನುಷ್ಯನದು.

"ಎಮ್ರಿಸ್ ನಮಗೆಲ್ಲ ಕೈ ಕೊಡ್ತಿದಾನೆ," ಎಂದಳು, ಎಲ್ಲರಿಗೂ ಕೇಳುವಂತೆ.

ಎಮ್ರಿಸ್ ಚೀಟಿಯನ್ನು ನೀಟಾಗಿ ಮಡಿಸಿ ಪಿಯಾನೋ ಮೇಲಿಟ್ಟ.

"ನಿಯಮ ಮಾಡಿದವರು ನೀವು, ಹೆಸ್ಟರ್. ನಾನು ಪಾಲಿಸಿದೆ, ಅಷ್ಟೇ."

ಸ್ವಲ್ಪ ಹೊತ್ತು ಹೊರಗಿರು ಎಂದರು ಬಾರ್ನಬಿ. ಮುಂದಿನದನ್ನು ನಾಳೆ ಕಚೇರಿಯಲ್ಲಿ ಮಾತಾಡೋಣ ಎಂದೂ ಸೇರಿಸಿದರು. ಅದರ ಅರ್ಥ ಎಲ್ಲರಿಗೂ ಆಯಿತು. ಹಾಗಿದ್ದರೆ ಅಮ್ಮನಿಗೆ ಫೋನ್ ಮಾಡಿ ಬರುತ್ತೇನೆ, ಅವಳ ಕಣ್ಣಿನ ಆಪರೇಷನ್ ಆಗಿ ವಾರವಾಯಿತಷ್ಟೇ ಎಂದು ಹೇಳಿ ಅವನು ಟೊಪ್ಪಿಗೆ ತೆಗೆದುಕೊಂಡ. ಹೆಸ್ಟರ್‌ಗೆ ಒಳಗೆಲ್ಲೋ ಚುರುಕ್ಕೆಂದಿತು. ಆದರೆ ಕೊನೆಯ ಆಟಕ್ಕೆ ಎಲ್ಲರೂ ಆಗಲೇ ಸಾಲುಗಟ್ಟುತ್ತಿದ್ದರು. ಇನ್ನು ಸ್ವಲ್ಪ ಹೊತ್ತಿಗೆ ಚರ್ಚಿನ ಹಾಡುಗಾರರು ಬಂದರೆ ಜಾಗ ಬಿಡಬೇಕಿತ್ತು.

ಎಮ್ರಿಸ್‌ನ ಜಾಗದಲ್ಲಿ ಬಾರ್ನಬಿಯವರೇ ನಿಂತರು.

ಚೀಟಿಗಳು ಹಾರಿದವು. ಇಷ್ಟು ಸಲೀಸಾಗಿ ಯಾವ ಆಟವೂ ನಡೆದಿರಲಿಲ್ಲ. ಕೊನೆಯ ಸುತ್ತು ಬಂತು. ಇನ್ನು ಹೆದರಿಕೆಯಿಲ್ಲವೆಂದು ಗೊತ್ತಿದ್ದರೂ ಹೆಸ್ಟರ್ ಮೈಯೆಲ್ಲ ಬಿಗಿಹಿಡಿದು, ಅಜ್ಜಿಯನ್ನು ನೆನೆದು, ಬೇಡಿಕೊಂಡಳು.

ಸಭಾಂಗಣ ಸ್ತಬ್ಧವಾಯಿತು.

ಈ ಸಲ ದೂರಲು ಎಮ್ರಿಸ್ ಇರಲಿಲ್ಲ. ಹಾಗಾದರೆ ತಪ್ಪು ನಕ್ಷೆಯದೇ. ಎರಡು ವರ್ಷ ನೀರಿಗೆ ಬಿತ್ತು. ಪಾಪದವನೊಬ್ಬನ ಹೆಸರೂ ಕೆಟ್ಟಿತು. ಪಕ್ಕಕ್ಕೆ ತಿರುಗಿದಳು. ಬಾರ್ನಬಿ ಚೀಟಿ ಹಿಡಿದು ಅವಳನ್ನೇ ನೋಡುತ್ತಿದ್ದರು, ಥೇಟ್ ಎಮ್ರಿಸ್ ನೋಡುತ್ತಿದ್ದ ಹಾಗೆ. ಅವರಿಗೆ ಮಾತ್ರ ಅಷ್ಟು ತಾಳ್ಮೆ ಇರಲಿಲ್ಲ.

"ಅವನು ಕೈ ಕೊಟ್ಟಿಲ್ಲ ಚಿನ್ನಾ, ನೀನು ಕೈ ಕೊಡ್ತಾ ಇಲ್ಲ, ಜೇಬಿಂದ ಆಚೆ ತೆಗಿ."